ಮದ್ದಿಗೆ ಬಗ್ಗದ ಐಸಿಯು ಸೋಂಕು: ಉತ್ತರ ಕನ್ನಡಕ್ಕೆ ಮೊದಲು ಬೇಕಿರುವುದು ಕಲ್ಚರ್ ವ್ಯವಸ್ಥೆ

ಉತ್ತರ ಕನ್ನಡದಲ್ಲಿ ಆಸ್ಪತ್ರೆಯ ಮಾತು ಬಂತೆಂದರೆ ದೂರದ ಲೆಕ್ಕವೂ ಬರುತ್ತದೆ. ಕಾರವಾರದಿಂದ ಮಂಗಳೂರಿಗೆ ಸುಮಾರು 270 ಕಿಲೋಮೀಟರ್, ಹುಬ್ಬಳ್ಳಿಗೆ 165ರ ಆಸುಪಾಸು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್‌. ಹೊನ್ನಾವರ, ಭಟ್ಕಳದವರು ಮಣಿಪಾಲದ ದಾರಿ ಹಿಡಿಯುತ್ತಾರೆ, ಕಾರವಾರದ ಹಲವರು ಗೋವಾ ಗಡಿ ದಾಟುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಕೇಳುತ್ತಿರುವುದು ಈ ಲೆಕ್ಕದಿಂದಲೇ. ದಾರಿಯಲ್ಲಿ ಕಳೆದುಹೋಗುವ ಹೊತ್ತು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ ನಷ್ಟ ಇನ್ನೊಂದಿದೆ: ರೋಗಿ ಒಂದು ಐಸಿಯುನಿಂದ ಇನ್ನೊಂದಕ್ಕೆ ಹೋಗುವಾಗ ಅವರ ಮೈಮೇಲೆ, ಕರುಳಿನಲ್ಲಿ, ಗಂಟಲಿನ ನಳಿಕೆಯಲ್ಲಿ ಮನೆಮಾಡಿರುವ ಬ್ಯಾಕ್ಟೀರಿಯಾ ಜೊತೆಗೇ ಹೋಗುತ್ತದೆ. ಆ ಬ್ಯಾಕ್ಟೀರಿಯಾ ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಮಾಹಿತಿ ಬಹಳ ಸಲ ಹಿಂದೆಯೇ ಉಳಿಯುತ್ತದೆ.

ಹೆದ್ದಾರಿ 66ರಲ್ಲಿ ಬೈಕ್ ಅಪಘಾತವಾಗಿ ತಲೆಗೆ ಪೆಟ್ಟಾದ ರೋಗಿಯ ಹಾದಿಯನ್ನೇ ತೆಗೆದುಕೊಳ್ಳಿ. ಹತ್ತಿರದ ಆಸ್ಪತ್ರೆಯಲ್ಲಿ ಉಸಿರಿನ ನಳಿಕೆ ಹಾಕಿ ಸೆಫ್ಟ್ರಿಯಾಕ್ಸೋನ್ ಶುರು ಮಾಡುತ್ತಾರೆ. ಮೂರನೇ ದಿನ ಜ್ವರ ಬರುತ್ತದೆ, ಔಷಧ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್‌ಗೆ ಬದಲಾಗುತ್ತದೆ. ಐದನೇ ದಿನ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಅಲ್ಲಿನ ವೈದ್ಯರಿಗೆ ಸಿಗುವುದು ಒಂದು ಪುಟದ ರೆಫರಲ್ ಚೀಟಿ, ಅದರಲ್ಲಿ ‘ಐವಿ ಆ್ಯಂಟಿಬಯೋಟಿಕ್ ಕೊಡಲಾಗಿದೆ’ ಎಂಬ ಒಂದು ಸಾಲು. ರಕ್ತ, ಕಫದಂಥ ಮಾದರಿಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಅಂದರೆ ಕಲ್ಚರ್, ಕಳಿಸಿದ್ದರೋ ಇಲ್ಲವೋ ತಿಳಿಯದು. ಕಣ್ಣೆದುರಿನ ರೋಗಿಯ ರಕ್ತದೊತ್ತಡ ಕುಸಿಯುತ್ತಿರುವಾಗ ಆ ವೈದ್ಯರು ಮೆರೊಪೆನೆಮ್, ಅದರ ಜೊತೆಗೆ ಕೊಲಿಸ್ಟಿನ್ ಶುರು ಮಾಡುತ್ತಾರೆ. ಆ ಘಳಿಗೆಯಲ್ಲಿ ಅವರನ್ನು ದೂರುವಂತಿಲ್ಲ. ಆದರೆ ಮಾಹಿತಿ ಇಲ್ಲದೆ ಬಳಸಿದ ಪ್ರತಿಯೊಂದು ಕೊನೆಯ ಸಾಲಿನ ಔಷಧವೂ ಅದೇ ಐಸಿಯುನ ಮುಂದಿನ ರೋಗಿಯ ಪಾಲಿನ ದಾರಿಯನ್ನು ಕಿರಿದು ಮಾಡುತ್ತದೆ.

ಯಾವ ಬ್ಯಾಕ್ಟೀರಿಯಾ, ಹೇಗೆ ತಪ್ಪಿಸಿಕೊಳ್ಳುತ್ತದೆ

ನಮ್ಮ ದೇಶದ ಐಸಿಯುಗಳಲ್ಲಿ ಹೆಚ್ಚು ಕಾಟ ಕೊಡುವುದು, ಗ್ರಾಂ ಎಂಬ ಬಣ್ಣದ ಪರೀಕ್ಷೆಯಲ್ಲಿ ಬೇರೆಯಾಗಿ ಗುರುತಿಸುವ ಗ್ರಾಂ-ನೆಗೆಟಿವ್ ಗುಂಪಿನವು: ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ, ಅಸಿನೆಟೊಬ್ಯಾಕ್ಟರ್ ಬೌಮಾನಿಯೈ, ಸ್ಯೂಡೊಮೊನಾಸ್, ಇ. ಕೋಲೈ. ಮೆರೊಪೆನೆಮ್, ಇಮಿಪೆನೆಮ್‌ನಂಥ ಕಾರ್ಬಪೆನೆಮ್ ಔಷಧಗಳೇ ಬಹುಕಾಲ ಇವುಗಳ ವಿರುದ್ಧದ ಭರವಸೆಯಾಗಿದ್ದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2013ರಿಂದ ನಡೆಸುತ್ತಿರುವ ಕಣ್ಗಾವಲು ಜಾಲದ ವರದಿಗಳನ್ನು ನೋಡಿದರೆ ಆ ಭರವಸೆ ಕರಗಿರುವುದು ಕಾಣುತ್ತದೆ. ಇಮಿಪೆನೆಮ್‌ಗೆ ಬಗ್ಗುವ ಕ್ಲೆಬ್ಸಿಯೆಲ್ಲಾ 2017ರಲ್ಲಿ ನೂರಕ್ಕೆ 58ರಷ್ಟಿತ್ತು. 2023ರ ಹೊತ್ತಿಗೆ 36ರ ಆಸುಪಾಸಿಗೆ ಇಳಿಯಿತು. ಅಸಿನೆಟೊಬ್ಯಾಕ್ಟರ್ ಅಂತೂ ಹತ್ತರಲ್ಲಿ ಒಂಬತ್ತು ಸಲ ಕಾರ್ಬಪೆನೆಮ್‌ಗೆ ಬಗ್ಗುವುದಿಲ್ಲ. ಈ ಅಂಕಿಗಳು ಬಂದಿರುವುದು ಬಹುತೇಕ ದೊಡ್ಡ ಆಸ್ಪತ್ರೆಗಳಿಂದ ಎಂಬುದನ್ನೂ ಗಮನದಲ್ಲಿಡಬೇಕು. ಕುಮಟಾ ಅಥವಾ ಶಿರಸಿಯ ಎಂಟು ಹಾಸಿಗೆಯ ಐಸಿಯುನ ಚಿತ್ರ ಇದೇ ಆಗಿರಬೇಕೆಂದಿಲ್ಲ.

ಈ ಬ್ಯಾಕ್ಟೀರಿಯಾಗಳು ಔಷಧದಿಂದ ತಪ್ಪಿಸಿಕೊಳ್ಳುವ ಮುಖ್ಯ ದಾರಿ ಕಿಣ್ವ. ಪೆನಿಸಿಲಿನ್, ಸೆಫಲೊಸ್ಪೊರಿನ್, ಕಾರ್ಬಪೆನೆಮ್ ಮೂರರ ರಚನೆಯಲ್ಲೂ ಬೀಟಾ-ಲ್ಯಾಕ್ಟಮ್ ಎಂಬ ಉಂಗುರವಿದೆ. ಆ ಉಂಗುರ ಒಡೆದರೆ ಔಷಧ ಸತ್ತಂತೆ. ಬ್ಯಾಕ್ಟೀರಿಯಾ ಹೊರಸೂಸುವ ಬೀಟಾ-ಲ್ಯಾಕ್ಟಮೇಸ್ ಕಿಣ್ವಗಳು ಮಾಡುವುದು ಇದನ್ನೇ. ಭಾರತದಲ್ಲಿ ಕ್ಲೆಬ್ಸಿಯೆಲ್ಲಾದಲ್ಲಿ ಹೆಚ್ಚಾಗಿ ಕಾಣುವ, ಕಾರ್ಬಪೆನೆಮ್ ಒಡೆಯುವ ಕಿಣ್ವಗಳಾದ ಕಾರ್ಬಪೆನೆಮೇಸ್‌ಗಳು ಎರಡು: ಎನ್‌ಡಿಎಂ ಮತ್ತು ಆಕ್ಸಾ-48 ಜಾತಿಯವು. ಎನ್‌ಡಿಎಂ ಸತುವಿನ ಅಯಾನಿನ ನೆರವಿನಿಂದ ಕೆಲಸ ಮಾಡುತ್ತದೆ, ಆಕ್ಸಾ-48ಕ್ಕೆ ಸತು ಬೇಡ. ಪ್ರಯೋಗಾಲಯದ ಸೂಕ್ಷ್ಮದಂತೆ ಕಾಣುವ ಈ ವ್ಯತ್ಯಾಸವೇ ರೋಗಿಗೆ ಯಾವ ಔಷಧ ಕೆಲಸ ಮಾಡುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ.

ಸೆಫ್ಟಜಿಡೈಮ್-ಅವಿಬ್ಯಾಕ್ಟಮ್ ಎಂಬ ದುಬಾರಿ ಚುಚ್ಚುಮದ್ದು ಆಕ್ಸಾ-48 ಕಿಣ್ವವನ್ನು ಕಟ್ಟಿಹಾಕುತ್ತದೆ. ಎನ್‌ಡಿಎಂ ಎದುರು ಅವಿಬ್ಯಾಕ್ಟಮ್‌ನ ಆಟ ನಡೆಯದು. ಹಳೆಯ ಔಷಧವಾದ ಅಜ್ಟ್ರಿಯೊನಾಮ್ ತದ್ವಿರುದ್ಧ: ಎನ್‌ಡಿಎಂ ಅದನ್ನು ಒಡೆಯಲಾರದು, ಆದರೆ ಅದೇ ಬ್ಯಾಕ್ಟೀರಿಯಾದಲ್ಲಿರುವ ಇಎಸ್‌ಬಿಎಲ್‌ನಂಥ ಇತರ ಕಿಣ್ವಗಳು ಒಡೆದುಬಿಡುತ್ತವೆ. ಆದ್ದರಿಂದ ಎನ್‌ಡಿಎಂ ಇರುವ ಕ್ಲೆಬ್ಸಿಯೆಲ್ಲಾಗೆ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಅವಿಬ್ಯಾಕ್ಟಮ್ ಉಳಿದ ಕಿಣ್ವಗಳನ್ನು ತಡೆದು ನಿಲ್ಲಿಸಿದರೆ ಅಜ್ಟ್ರಿಯೊನಾಮ್ ತನ್ನ ಕೆಲಸ ಮುಗಿಸುತ್ತದೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಹನಿಸಬೇಕು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಕೊಟ್ಟರೆ ಲೆಕ್ಕ ತಪ್ಪುತ್ತದೆ. ಅಸಿನೆಟೊಬ್ಯಾಕ್ಟರ್‌ಗೆ ಈ ಜೋಡಿಯೂ ನಾಟುವುದಿಲ್ಲ. ಅದರ ಬಳಿ ಇರುವುದು ಹೆಚ್ಚಾಗಿ ಆಕ್ಸಾ-23 ಎಂಬ ಬೇರೆ ಕಿಣ್ವ, ಅವಿಬ್ಯಾಕ್ಟಮ್ ಅದನ್ನು ತಡೆಯಲಾರದು. ಹಾಗಾಗಿ ವರದಿಯಲ್ಲಿ ಬರೀ ‘ಕಾರ್ಬಪೆನೆಮ್ ರೆಸಿಸ್ಟೆಂಟ್’ ಎಂದಿದ್ದರೆ ಸಾಲದು. ಯಾವ ಬ್ಯಾಕ್ಟೀರಿಯಾ, ಸಾಧ್ಯವಾದರೆ ಯಾವ ಕಿಣ್ವ ಎಂಬುದೂ ಬೇಕು.

ಈ ಕಿಣ್ವಗಳ ಜೀನ್‌ಗಳು ಬಹುಪಾಲು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗಳ ಮೇಲಿರುತ್ತವೆ. ಒಳ್ಳೆಯ ಬಿತ್ತನೆ ಬೀಜವನ್ನು ಪಕ್ಕದ ಗದ್ದೆಯವರಿಗೆ ದಾಟಿಸಿದಂತೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅವನ್ನು ದಾಟಿಸುತ್ತದೆ, ಜಾತಿ ಬೇರೆಯಾದರೂ ಸರಿ. ರೋಗಿಯ ಕರುಳಿನಲ್ಲಿ ಕ್ಲೆಬ್ಸಿಯೆಲ್ಲಾದಿಂದ ಇ. ಕೋಲೈಗೆ ಹೀಗೆ ದಾಟುತ್ತದೆ. ಆ ರೋಗಿಗೆ ಸೋಂಕಿನ ಲಕ್ಷಣ ಒಂದೂ ಇಲ್ಲದಿರಬಹುದು. ಡಿಸ್ಚಾರ್ಜ್ ಆಗಿ ಮನೆಗೆ ಬಂದು ತಿಂಗಳುಗಳಾದ ಮೇಲೂ ಕರುಳಿನಲ್ಲಿ ಅದು ಉಳಿದಿರಬಹುದು.

ಉಳಿದಿರುವ ಹಳೆಯ ಆಯುಧ ಕೊಲಿಸ್ಟಿನ್. 1940ರ ದಶಕದ ಕೊನೆಯಲ್ಲಿ ಕಂಡುಹಿಡಿದ ಔಷಧ ಇದು, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ಬದಿಗೆ ಸರಿದಿತ್ತು, ಬೇರೆ ದಾರಿ ಇಲ್ಲದಾಗ ವಾಪಸು ಬಂತು. ಇದನ್ನು ಬಳಸುವಾಗ ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಆರಂಭದ ದೊಡ್ಡ ಡೋಸ್ ಬಿಟ್ಟುಬಿಡುವುದು. 90 ಲಕ್ಷ ಯೂನಿಟ್ ಲೋಡಿಂಗ್ ಡೋಸ್ ಕೊಟ್ಟು ಆಮೇಲೆ 45 ಲಕ್ಷ ಯೂನಿಟ್‌ನಂತೆ ದಿನಕ್ಕೆರಡು ಸಲ ಕೊಡುವುದು ವಯಸ್ಕರಿಗೆ ರೂಢಿಯಲ್ಲಿರುವ ಕ್ರಮ. ಮೂತ್ರಪಿಂಡ ಸೋತಿದ್ದರೆ ನಂತರದ ಡೋಸ್ ಇಳಿಸುತ್ತಾರೆ, ಮೊದಲನೆಯದನ್ನಲ್ಲ. ಲೋಡಿಂಗ್ ಡೋಸ್ ಇಲ್ಲದೆ ಶುರು ಮಾಡಿದರೆ ರಕ್ತದಲ್ಲಿ ಬೇಕಾದ ಮಟ್ಟ ಮುಟ್ಟಲು ಎರಡು ದಿನ ಹಿಡಿಯಬಹುದು. ಎರಡನೆಯದು ಪರೀಕ್ಷೆಯ ವಿಷಯ. ಕೊಲಿಸ್ಟಿನ್‌ನ ದೊಡ್ಡ ಅಣು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಲೋಳೆಯಾದ ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಹಾಗಾಗಿ ತಟ್ಟೆಯ ಮೇಲೆ ಬಿಲ್ಲೆ ಇಟ್ಟು ಮಾಡುವ ಡಿಸ್ಕ್ ಪರೀಕ್ಷೆ ಅದಕ್ಕೆ ನಂಬಿಕೆಗೆ ಅರ್ಹವಲ್ಲ. ದ್ರವದಲ್ಲಿ ಔಷಧದ ಬೇರೆ ಬೇರೆ ಪ್ರಮಾಣ ಬೆರೆಸಿ ನೋಡುವ ಬ್ರಾತ್ ಮೈಕ್ರೊಡೈಲ್ಯೂಶನ್ ಮಾಡಬೇಕು. ಡಿಸ್ಕ್ ಇಟ್ಟು ‘ಕೊಲಿಸ್ಟಿನ್ ಸೆನ್ಸಿಟಿವ್’ ಎಂದು ಬರೆದ ವರದಿ ಸಿಕ್ಕರೆ ಆ ಸಾಲನ್ನು ನಂಬಿ ಮುಂದುವರಿಯಬಾರದು.

ಕಲ್ಚರ್: ಐದು ನಿಮಿಷದ ಕೆಲಸ, ಎರಡು ದಿನದ ಕಾಯುವಿಕೆ

ಜಿಲ್ಲೆಯ ದೃಷ್ಟಿಯಿಂದ ಇಡೀ ಸಮಸ್ಯೆಯ ಗಂಟು ಇರುವುದು ಇಲ್ಲಿ. ನಂಜು ಏರಿ ಆಘಾತಕ್ಕೆ ಹೋದ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಬೀಳಬೇಕು ಎಂಬುದು ಸರಿಯೇ. ಅದಕ್ಕೂ ಮೊದಲು ರಕ್ತ ತೆಗೆಯಲು ಬೇಕಾಗುವುದು ಐದು ನಿಮಿಷ. ಮೊದಲ ಡೋಸ್ ಬಿದ್ದ ಮೇಲೆ ತೆಗೆದ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ಬಹಳ ಕುಗ್ಗುತ್ತದೆ. ಆಗ ವರದಿ ‘ನೋ ಗ್ರೋತ್’ ಎಂದು ಬರುತ್ತದೆ, ಯಾವ ಔಷಧ ನಿಲ್ಲಿಸಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ, ಎಲ್ಲವೂ ಹದಿನಾಲ್ಕು ದಿನ ಮುಂದುವರಿಯುತ್ತವೆ.

ಸರಿಯಾದ ಕ್ರಮ ಹೀಗೆ. ಎರಡು ಬೇರೆ ಬೇರೆ ಜಾಗದ ರಕ್ತನಾಳಗಳಿಂದ ಎರಡು ಸೆಟ್ (ಒಂದು ಸೆಟ್ ಎಂದರೆ ಎರಡು ಬಾಟಲಿ) ತೆಗೆಯಬೇಕು. ವಯಸ್ಕರಲ್ಲಿ ಪ್ರತಿ ಬಾಟಲಿಗೆ 8ರಿಂದ 10 ಮಿಲಿಲೀಟರ್. ಬಹಳ ಕಡೆ 3 ಮಿಲಿಲೀಟರ್ ತೆಗೆದು ಒಂದೇ ಬಾಟಲಿಗೆ ಹಾಕುತ್ತಾರೆ. ನಂಜಿನಲ್ಲಿಯೂ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೆರಡು ಬ್ಯಾಕ್ಟೀರಿಯಾ ಮಾತ್ರ ಇರಬಹುದಾದ್ದರಿಂದ ಪ್ರಮಾಣ ಕಡಿಮೆಯಾದಷ್ಟೂ ಸಿಕ್ಕಿಬೀಳುವ ಸಾಧ್ಯತೆ ಕಡಿಮೆ. ಚರ್ಮಕ್ಕೆ ಆಲ್ಕೊಹಾಲ್ ಬೆರೆತ 2% ಕ್ಲೋರ್‌ಹೆಕ್ಸಿಡಿನ್ ಹಚ್ಚಿ 30 ಸೆಕೆಂಡ್ ತಾನಾಗಿ ಒಣಗಲು ಬಿಡಬೇಕು. ಒರೆಸಬಾರದು, ಊದಬಾರದು, ಹಚ್ಚಿದ ಮೇಲೆ ಬೆರಳಿನಿಂದ ರಕ್ತನಾಳ ಮುಟ್ಟಿ ನೋಡಬಾರದು. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಆಲ್ಕೊಹಾಲ್‌ನಿಂದ ಒರೆಸಬೇಕು, ಪ್ಲಾಸ್ಟಿಕ್ ಟೋಪಿ ತೆಗೆದ ತಕ್ಷಣ ಅದು ಶುದ್ಧವೆಂದು ತಿಳಿಯುವುದು ತಪ್ಪು. ಎಷ್ಟೋ ದಿನದಿಂದ ದೊಡ್ಡ ರಕ್ತನಾಳದಲ್ಲಿ ಇರುವ ಸೆಂಟ್ರಲ್ ಲೈನ್‌ನಿಂದ ಸುಲಭವೆಂದು ಎಳೆದ ರಕ್ತದಲ್ಲಿ ಆ ನಳಿಕೆಯ ಒಳಮೈಗೆ ಅಂಟಿದ ಬ್ಯಾಕ್ಟೀರಿಯಾ ಬೆಳೆದು ದಾರಿ ತಪ್ಪಿಸುತ್ತದೆ.

ಈ ಬಾಟಲಿಗಳನ್ನು ಫ್ರಿಜ್‌ನಲ್ಲಿ ಇಡಲೇಬಾರದು. ಕೋಣೆಯ ತಾಪಮಾನದಲ್ಲೇ ಸಾಗಿಸಿ ಆದಷ್ಟು ಬೇಗ, ಸಾಧ್ಯವಾದರೆ ನಾಲ್ಕು ಗಂಟೆಯೊಳಗೆ ಬೆಳವಣಿಗೆ ಗುರುತಿಸುವ ಯಂತ್ರಕ್ಕೆ ಹಾಕಬೇಕು. ಉಸಿರಿನ ನಳಿಕೆಯಿಂದ ಹೀರಿದ ಕಫ ಹಾಗಲ್ಲ: ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟದಿದ್ದರೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಮೂತ್ರವೂ ಹಾಗೆಯೇ, ಮತ್ತು ಅದನ್ನು ಕ್ಯಾತೆಟರ್‌ನ ಪೋರ್ಟ್‌ನಿಂದ ಸೂಜಿಯಲ್ಲಿ ತೆಗೆಯಬೇಕು. ಚೀಲದಲ್ಲಿ ಆರೇಳು ಗಂಟೆ ನಿಂತ ಮೂತ್ರದಲ್ಲಿ ಏನು ಬೇಕಾದರೂ ಬೆಳೆಯುತ್ತದೆ.

ಶಿರಸಿಯಲ್ಲಿ ತೆಗೆದ ರಕ್ತ ಕಾರವಾರಕ್ಕೋ ಹುಬ್ಬಳ್ಳಿಗೋ ಹೋಗಬೇಕಾದರೆ ಏನಾಗುತ್ತದೆ? ಕೊರಿಯರ್ ಹುಡುಗ ಸಂಜೆ ಒಮ್ಮೆ ಬಂದು ಒಯ್ಯುತ್ತಾನೆ. ಬೆಳಿಗ್ಗೆ ಎಂಟಕ್ಕೆ ತೆಗೆದ ಬಾಟಲಿ ಯಂತ್ರ ಸೇರುವುದು ರಾತ್ರಿಯೋ ಮರುದಿನವೋ. ಮಳೆಗಾಲದಲ್ಲಿ ಘಟ್ಟದ ರಸ್ತೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕರಾವಳಿಯ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಯಂತ್ರಕ್ಕೆ ಹಾಕಿದ ಮೇಲೆ, ಬ್ಯಾಕ್ಟೀರಿಯಾ ಬೆಳೆಯುವ ಬಾಟಲಿಗಳಲ್ಲಿ ಬಹುತೇಕವು 24ರಿಂದ 48 ಗಂಟೆಯೊಳಗೆ ಪಾಸಿಟಿವ್ ತೋರಿಸುತ್ತವೆ, ಜಾತಿ ಗುರುತು ಮತ್ತು ಸೆನ್ಸಿಟಿವಿಟಿಗೆ (ಯಾವ ಔಷಧಕ್ಕೆ ಬಗ್ಗುತ್ತದೆ ಎಂಬ ಪರೀಕ್ಷೆಗೆ) ಮತ್ತೆ ಒಂದೆರಡು ದಿನ. ಸಾಗಾಟದ ಹೊತ್ತು, ಭಾನುವಾರದ ರಜೆ ಎಲ್ಲ ಸೇರಿ ವರದಿ ಬರುವಾಗ ಆರನೇ ದಿನ. ಅಷ್ಟರಲ್ಲಿ ರೋಗಿ ಒಂದೋ ಬೇರೆ ಊರಿನಲ್ಲಿರುತ್ತಾರೆ, ಇಲ್ಲವೇ ಇರುವುದೇ ಇಲ್ಲ.

ಇದಕ್ಕೆ ದುಬಾರಿಯಲ್ಲದ ಪರಿಹಾರ ಇದೆ. ಪೂರ್ಣ ಪ್ರಯೋಗಾಲಯ ಪ್ರತಿ ತಾಲ್ಲೂಕಿಗೂ ಬೇಕಿಲ್ಲ. ರಕ್ತದ ಬಾಟಲಿ ಬೆಚ್ಚಗಿಟ್ಟು ಬೆಳವಣಿಗೆ ಗುರುತಿಸುವ ಸಣ್ಣ ಸ್ವಯಂಚಾಲಿತ ಯಂತ್ರವನ್ನು ಶಿರಸಿ ಮತ್ತು ಕುಮಟಾದಂಥ ಎರಡು ಕಡೆ ಇಟ್ಟು, ಪಾಸಿಟಿವ್ ಆದ ಬಾಟಲಿಯನ್ನಷ್ಟೇ ಕಾರವಾರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಭಾಗಕ್ಕೆ ಕಳಿಸಬಹುದು. ಪಾಸಿಟಿವ್ ಎಂದ ಕೂಡಲೆ ಸ್ಥಳದಲ್ಲೇ ಒಂದು ಹನಿ ತೆಗೆದು ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅರ್ಧ ಗಂಟೆಯಲ್ಲಿ ಮೊದಲ ಸುಳಿವು ಸಿಗುತ್ತದೆ. ಗೊಂಚಲಾಗಿ ಕಾಣುವ ಗ್ರಾಂ-ಪಾಸಿಟಿವ್ ಗುಂಡುಗಳಾದರೆ ಕೊಲಿಸ್ಟಿನ್ ಆ ಕ್ಷಣವೇ ನಿಲ್ಲಿಸಬಹುದು, ಅವುಗಳ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ. ಆ ಅರ್ಧ ಗಂಟೆಯ ಕೆಲಸ ಬಲ್ಲ ತರಬೇತಿಯ ತಂತ್ರಜ್ಞರು ರಾತ್ರಿ ಪಾಳಿಯಲ್ಲೂ ಇರಬೇಕು, ಫೋನ್ ಮಾಡಿ ಐಸಿಯುಗೆ ತಿಳಿಸಬೇಕು. ದೊಡ್ಡ ಆಸ್ಪತ್ರೆಯ ಬೇಡಿಕೆ ಪಟ್ಟಿಯಲ್ಲಿ ಕ್ಯಾತ್‌ಲ್ಯಾಬ್, ಎಂಆರ್‌ಐ ಇರುವಷ್ಟು ಮೇಲೆ ಇದೂ ಇರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಫದ ಕಲ್ಚರ್ ಬಗ್ಗೆ ಒಂದು ಎಚ್ಚರಿಕೆ. ವೆಂಟಿಲೇಟರ್‌ನಲ್ಲಿ ನಾಲ್ಕೈದು ದಿನ ಕಳೆದವರ ನಳಿಕೆಯಲ್ಲಿ ಅಸಿನೆಟೊಬ್ಯಾಕ್ಟರ್ ಸಿಗುವುದು ಸಾಮಾನ್ಯ. ಸಿಕ್ಕಿತೆಂದರೆ ನ್ಯುಮೋನಿಯಾ ಎಂದರ್ಥವಲ್ಲ. ಎಕ್ಸ್‌ರೇಯಲ್ಲಿ ಹೊಸ ಮಚ್ಚೆ, ಹೆಚ್ಚಿದ ಆಮ್ಲಜನಕದ ಅಗತ್ಯ, ಜ್ವರ, ಕೀವಿನಂಥ ಕಫ ಇವು ಜೊತೆಗಿದ್ದರೆ ಮಾತ್ರ ಚಿಕಿತ್ಸೆ. ರೋಗಿಗೆ ಚಿಕಿತ್ಸೆ ಕೊಡಬೇಕೇ ಹೊರತು ವರದಿಗಲ್ಲ. ಕೊಲಿಸ್ಟಿನ್ ಅನಗತ್ಯವಾಗಿ ಖರ್ಚಾಗುವ ಜಾಗಗಳಲ್ಲಿ ಇದೂ ಒಂದು.

ಮಳೆಗಾಲದ ಜ್ವರ ಮತ್ತು ಒಂದೇ ಚುಚ್ಚುಮದ್ದು

ಐಸಿಯುನಲ್ಲಿ ಕಾಣುವ ಔಷಧ ಪ್ರತಿರೋಧ ಐಸಿಯುನಲ್ಲೇ ಹುಟ್ಟುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕರಾವಳಿ ಮತ್ತು ಮಲೆನಾಡಿನ ಆಸ್ಪತ್ರೆಗಳು ಜ್ವರದಿಂದ ತುಂಬುತ್ತವೆ: ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್, ವಿಷಮಶೀತಜ್ವರ. ಬೇಸಿಗೆಯ ಕಡೆಗೆ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ. ಎಲ್ಲಕ್ಕೂ ಮೊದಲು ಬೀಳುವುದು ಸೆಫ್ಟ್ರಿಯಾಕ್ಸೋನ್. ಡೆಂಗಿ, ಮಂಗನ ಕಾಯಿಲೆ ಎರಡೂ ವೈರಸ್‌ನಿಂದ ಬರುವಂಥವು, ಅವಕ್ಕೆ ಅದರಿಂದ ಏನೂ ಆಗದು. ಇಲಿಜ್ವರಕ್ಕೆ ಅದು ಕೆಲಸ ಮಾಡುತ್ತದೆ, ಆದರೆ ಸೌಮ್ಯ ಹಂತದಲ್ಲಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ಮಾತ್ರೆ ದಿನಕ್ಕೆರಡರಂತೆ ಏಳು ದಿನ ಸಾಕಾಗುತ್ತದೆ. ಸ್ಕ್ರಬ್ ಟೈಫಸ್‌ಗೆ ಸೆಫ್ಟ್ರಿಯಾಕ್ಸೋನ್ ನಾಟುವುದೇ ಇಲ್ಲ, ಅದಕ್ಕೂ ಬೇಕಿರುವುದು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್. ಕಂಕುಳು, ತೊಡೆಸಂದಿ, ಸೊಂಟದ ಪಟ್ಟಿಯ ಅಡಿ ಬಿಚ್ಚಿ ನೋಡಿ ಸಿಗರೇಟಿನ ಸುಟ್ಟಗಾಯದಂಥ ಕಪ್ಪು ಹೊಪ್ಪಳೆ ಹುಡುಕಿದರೆ ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ. ಹೀಗೆ ಅಗತ್ಯವಿಲ್ಲದೆ ಕೊಟ್ಟ ಸೆಫ್ಟ್ರಿಯಾಕ್ಸೋನ್ ಕರುಳಿನ ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು ಇಎಸ್‌ಬಿಎಲ್ ಕಿಣ್ವ ಇರುವವಕ್ಕೆ ಜಾಗ ಬಿಡಿಸಿಕೊಡುತ್ತದೆ. ಅದೇ ವ್ಯಕ್ತಿ ಮುಂದೆ ಐಸಿಯು ಸೇರಿದರೆ ಆ ಸರಕು ಅವರ ಜೊತೆಗೇ ಒಳಗೆ ಬರುತ್ತದೆ.

ಈ ಕರಾವಳಿಗೇ ಸಂಬಂಧಿಸಿದ ಇನ್ನೊಂದು ರೋಗವನ್ನು ಇಲ್ಲಿ ಹೇಳಲೇಬೇಕು: ಮೆಲಿಯೊಯಿಡೋಸಿಸ್. ಗದ್ದೆಯ ಕೆಸರು, ಮಳೆನೀರಿನಲ್ಲಿ ಬದುಕುವ ಬರ್ಖೋಲ್ಡೇರಿಯಾ ಸ್ಯೂಡೊಮಲ್ಲಿಯೈ ಇದಕ್ಕೆ ಕಾರಣ. ಸಕ್ಕರೆ ಕಾಯಿಲೆ ಇರುವ ಕೃಷಿಕರಿಗೆ ಮಳೆಗಾಲದಲ್ಲಿ ನ್ಯುಮೋನಿಯಾ, ಯಕೃತ್ತಿನ ಅಥವಾ ಗುಲ್ಮದ ಕೀವು, ವಾಸಿಯಾಗದ ಜ್ವರ ಬಂದರೆ ಇದನ್ನು ನೆನೆಯಬೇಕು. ಉಡುಪಿ, ಮಣಿಪಾಲದ ಕಡೆ ವೈದ್ಯರಿಗೆ ಇದರ ಪರಿಚಯ ಚೆನ್ನಾಗಿದೆ. ಪಳಗದ ಕೈಯ ಲ್ಯಾಬ್ ಇದನ್ನು ಬರೀ ‘ಸ್ಯೂಡೊಮೊನಾಸ್ ಪ್ರಭೇದ’ ಎಂದು ಬರೆದು ಕಳಿಸಿಬಿಡುತ್ತದೆ. ಸುಳಿವು ಸೆನ್ಸಿಟಿವಿಟಿಯಲ್ಲೇ ಇರುತ್ತದೆ: ಜೆಂಟಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ, ಸ್ಯೂಡೊಮೊನಾಸ್ ಎಂದೂ ಬಗ್ಗದ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗುವುದಾದರೆ ಅನುಮಾನ ಪಡಬೇಕು. ಇಲ್ಲಿ ಕೊಲಿಸ್ಟಿನ್ ಕೊಟ್ಟು ಕಾಯುವುದು ವ್ಯರ್ಥ. ಸೆಫ್ಟಜಿಡೈಮ್ ಅಥವಾ ಮೆರೊಪೆನೆಮ್ ಕನಿಷ್ಠ ಎರಡು ವಾರ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಮೂರು ತಿಂಗಳು. ಎರಡನೆಯ ಭಾಗ ಬಿಟ್ಟರೆ ರೋಗ ಮರುಕಳಿಸುತ್ತದೆ.

ಔಷಧ ಅಂಗಡಿಯಲ್ಲಿ ವೈದ್ಯರ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಸಿಗುವ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಚೀಟಿ ಇಲ್ಲದೆ ಮಾರಬಾರದ ಔಷಧಗಳದ್ದಾದ, 2014ರಿಂದ ಜಾರಿಯಲ್ಲಿರುವ ಎಚ್‌1 ಪಟ್ಟಿಯಲ್ಲಿ ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್, ಫ್ಯಾರೊಪೆನೆಮ್ ಎಲ್ಲವೂ ಇವೆ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ದಾಖಲಿಸಿ ಮೂರು ವರ್ಷ ಇಡಬೇಕೆಂಬುದು ನಿಯಮ. ಫ್ಯಾರೊಪೆನೆಮ್ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ಅದು ಕಾರ್ಬಪೆನೆಮ್‌ಗಳ ಹತ್ತಿರದ ನೆಂಟ, ಆದರೆ ಮಾತ್ರೆಯಾಗಿ ಮನೆಗೆ ಹೋಗುತ್ತದೆ. ಸಿಗಡಿ ಕೃಷಿ ಇರುವ ಅಘನಾಶಿನಿ, ಶರಾವತಿ ಅಳಿವೆಯ ಊರುಗಳವರು ತಿಳಿದಿರಬೇಕಾದ್ದು: 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ನಿಷೇಧಿಸಿದ್ದು ಕೋಳಿ ಸಾಕಣೆಗಷ್ಟೇ ಅಲ್ಲ, ಜಲಕೃಷಿಗೂ, ಮೇವಿನ ಪೂರಕಗಳಿಗೂ ಅನ್ವಯಿಸುತ್ತದೆ.

ಹಾಸಿಗೆಯ ಸುತ್ತ

ಅಸಿನೆಟೊಬ್ಯಾಕ್ಟರ್ ಒಣ ಮೇಲ್ಮೈಯಲ್ಲಿ ವಾರಗಟ್ಟಲೆ ಬದುಕುತ್ತದೆ. ಹಾಸಿಗೆಯ ಕಂಬಿ, ಮಾನಿಟರ್‌ನ ಗುಂಡಿ, ಇನ್‌ಫ್ಯೂಷನ್ ಪಂಪ್, ಬಿಪಿ ಪಟ್ಟಿ, ಕೇಸ್ ಫೈಲ್ ಎಲ್ಲವೂ ಅದರ ನೆಲೆ. ಅಲ್ಲಿಂದ ರೋಗಿಗೆ ದಾಟಿಸುವುದು ಕೈ. ಅಂಗೈಯಲ್ಲಿ 3 ಮಿಲಿಲೀಟರ್ ಹ್ಯಾಂಡ್‌ರಬ್ ತೆಗೆದುಕೊಂಡು, ಬೆರಳ ತುದಿ, ಹೆಬ್ಬೆರಳು, ಬೆರಳ ಸಂದು ಬಿಡದೆ 20ರಿಂದ 30 ಸೆಕೆಂಡ್ ಒಣಗುವವರೆಗೆ ಉಜ್ಜಬೇಕು. ಕೈಗವಸು ಹಾಕಿದ್ದೇನೆಂದು ಇದನ್ನು ಬಿಡುವವರೇ ಹೆಚ್ಚು. ಅದೇ ಗವಸಿನಲ್ಲಿ ಒಬ್ಬ ರೋಗಿಯ ಕಫ ಹೀರಿ, ಪಂಪ್ ಒತ್ತಿ, ಪಕ್ಕದ ಹಾಸಿಗೆಗೆ ಹೋದರೆ ಗವಸು ರಕ್ಷಿಸಿದ್ದು ಸಿಬ್ಬಂದಿಯನ್ನು ಮಾತ್ರ. ಹಾಗೆಂದು ನರ್ಸ್‌ಗಳನ್ನು ಬೈದು ಪ್ರಯೋಜನವಿಲ್ಲ. ವೆಂಟಿಲೇಟರ್‌ನಲ್ಲಿರುವ ರೋಗಿಗೆ ಒಬ್ಬರು ಇರಬೇಕಾದಲ್ಲಿ ಮೂವರನ್ನು ಒಬ್ಬರೇ ನೋಡಿಕೊಳ್ಳುವಾಗ ಕೈ ತೊಳೆಯುವ ಹೊತ್ತೇ ಮೊದಲು ಕಡಿತವಾಗುತ್ತದೆ. ಸಿಬ್ಬಂದಿ ನೇಮಕವೂ ಪ್ರತಿರೋಧ ತಡೆಯುವ ಔಷಧವೇ.

ಬ್ಲೀಚ್ ದ್ರಾವಣದಲ್ಲಿ ತಪ್ಪುವುದು ಲೆಕ್ಕ ಮತ್ತು ಸಮಯ. 5% ಸೋಡಿಯಂ ಹೈಪೊಕ್ಲೋರೈಟ್ ಒಂದು ಪಾಲು, ನೀರು ನಾಲ್ಕು ಪಾಲು ಸೇರಿಸಿದರೆ 1% ಆಗುತ್ತದೆ. ರಕ್ತ, ಕಫ ಚೆಲ್ಲಿದ ಜಾಗಕ್ಕೆ ಇದು. ದಿನನಿತ್ಯದ ಮೇಲ್ಮೈಗಳಿಗೆ 0.1% ಸಾಕು, ಅಂದರೆ 20 ಮಿಲಿಲೀಟರ್‌ಗೆ ನೀರು ಸೇರಿಸಿ ಒಂದು ಲೀಟರ್ ಮಾಡುವುದು. ಕೊಳೆಯ ಮೇಲೆ ನೇರ ಹಾಕಿದರೆ ಕ್ಲೋರಿನ್ ಕೊಳೆಯೊಡನೆಯೇ ಮುಗಿದುಹೋಗುತ್ತದೆ, ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ಬ್ಲೀಚ್, ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಕರಾವಳಿಯ ಸೆಕೆಯಲ್ಲಿ, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟ ಕ್ಯಾನ್‌ನ ಶಕ್ತಿ ಬೇಗ ಇಳಿಯುತ್ತದೆ. ಬೆರೆಸಿದ ದ್ರಾವಣವನ್ನು ದಿನವೂ ಹೊಸದಾಗಿ ಮಾಡಬೇಕು, ಬಕೆಟ್ ಮೇಲೆ ಸಮಯ ಬರೆದಿಡಬೇಕು.

ಕೈತೊಳೆಯುವ ಸಿಂಕ್ ಕೂಡ ಮೂಲವಾಗಬಹುದು. ಅದರ ಕೊಳವೆಯ ಬಾಗಿನಲ್ಲಿ ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ಲೋಳೆಯ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಇರುತ್ತವೆ; ನಲ್ಲಿಯ ನೀರು ನೇರ ರಂಧ್ರಕ್ಕೆ ಬಿದ್ದರೆ ತುಂತುರಿನ ಜೊತೆ ಸುಮಾರು ಒಂದು ಮೀಟರ್‌ವರೆಗೆ ಹಾರುತ್ತವೆ. ಸಿಂಕ್ ಪಕ್ಕದ ಕಟ್ಟೆಯಲ್ಲಿ ಚುಚ್ಚುಮದ್ದು ಬೆರೆಸುವುದು, ಉಳಿದ ಸಲೈನ್, ಗಂಜಿ, ಡಯಾಲಿಸಿಸ್ ನೀರನ್ನು ಅದಕ್ಕೇ ಸುರಿಯುವುದು ಎರಡೂ ನಿಲ್ಲಬೇಕು. ನೆಬ್ಯುಲೈಜರ್‌ಗೆ, ಆಮ್ಲಜನಕದ ಹ್ಯುಮಿಡಿಫೈಯರ್‌ಗೆ ನಲ್ಲಿ ನೀರು ಹಾಕುವ ಅಭ್ಯಾಸ ಇನ್ನೂ ಇದೆ. ಅಲ್ಲಿಗೆ ಸ್ಟೆರೈಲ್ ನೀರೇ ಬೇಕು.

ನಳಿಕೆಗಳ ವಿಷಯದಲ್ಲಿ ಒಂದೇ ಪ್ರಶ್ನೆ ದಿನವೂ ಬೆಳಿಗ್ಗೆ ಕೇಳಬೇಕು: ಇವತ್ತು ಇದು ಬೇಕೇ? ಬೇಡದ ಮೂತ್ರದ ಕ್ಯಾತೆಟರ್ ತೆಗೆದರೆ ಅದರ ಸೋಂಕು ಬರುವುದೇ ಇಲ್ಲ. ಇರಲೇಬೇಕಾದರೆ ಚೀಲ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ಇರಬೇಕು. ವೆಂಟಿಲೇಟರ್ ರೋಗಿಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿ, ನಳಿಕೆಯ ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು. ಒತ್ತಡ ಅದಕ್ಕಿಂತ ಇಳಿದರೆ ಬಾಯಿಯ ಸ್ರಾವ ಶ್ವಾಸಕೋಶಕ್ಕೆ ಜಾರುತ್ತದೆ, ಏರಿದರೆ ಶ್ವಾಸನಾಳದ ಗೋಡೆಗೆ ರಕ್ತ ಹರಿಯುವುದಿಲ್ಲ. ಬೆರಳಿನಿಂದ ಒತ್ತಿ ಅಂದಾಜು ಮಾಡುವುದು ಸರಿಯಲ್ಲ, ಮಾಪಕ ಬೇಕು.

ಔಷಧದ ಡೋಸ್, ಅವಧಿ ಎರಡರಲ್ಲೂ ಬಿಗಿ ಬೇಕು. ಮೆರೊಪೆನೆಮ್ ಕೆಲಸ ಮಾಡುವುದು ರಕ್ತದಲ್ಲಿ ಅದರ ಮಟ್ಟ ಎಷ್ಟು ಹೊತ್ತು ಬೇಕಾದ ಗೆರೆಯ ಮೇಲಿರುತ್ತದೆ ಎಂಬುದರ ಮೇಲೆ. ಹಾಗಾಗಿ ಅರ್ಧ ಗಂಟೆಯಲ್ಲಿ ಹರಿಸಿಬಿಡುವ ಬದಲು ಮೂರು ಗಂಟೆಯ ಉದ್ದಕ್ಕೆ ಪಂಪ್‌ನಲ್ಲಿ ಕೊಡುವುದು ಗಂಭೀರ ಸೋಂಕಿನಲ್ಲಿ ಒಳ್ಳೆಯದು. ಆದರೆ ಸಲೈನ್‌ನಲ್ಲಿ ಬೆರೆಸಿದ ಮೆರೊಪೆನೆಮ್ ಕೆಲವೇ ಗಂಟೆಗಳಲ್ಲಿ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ. ದಿನದ ಮೂರೂ ಡೋಸ್ ಬೆಳಿಗ್ಗೆಯೇ ಬೆರೆಸಿಡುವಂತಿಲ್ಲ. ಅವಧಿಯ ಬಗ್ಗೆ ಈಗ ಗಟ್ಟಿ ಆಧಾರಗಳಿವೆ. ವೆಂಟಿಲೇಟರ್ ನ್ಯುಮೋನಿಯಾಗೆ ಸಾಮಾನ್ಯವಾಗಿ ಏಳು ದಿನ. ಹೊಟ್ಟೆಯ ಕೀವನ್ನು ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆದಿದ್ದರೆ ನಾಲ್ಕು ದಿನ. ರಕ್ತದ ಸೋಂಕಿನಲ್ಲಿ ಏಳು ದಿನ ಹದಿನಾಲ್ಕಕ್ಕೆ ಸಮನೆಂದು 2024ರಲ್ಲಿ ಪ್ರಕಟವಾದ ಬ್ಯಾಲೆನ್ಸ್ ಪ್ರಯೋಗ ತೋರಿಸಿತು. ಸ್ಟೆಫಿಲೊಕಾಕಸ್ ಆರಿಯಸ್ ರಕ್ತಸೋಂಕು ಮತ್ತು ಹೃದಯದ ಕವಾಟದ ಸೋಂಕಿಗೆ ಇದು ಅನ್ವಯಿಸುವುದಿಲ್ಲ. ಜ್ವರ ಇಳಿಯಿತು, ಆದರೂ ಇರಲಿ ಎಂದು ಮುಂದುವರಿಸಿದ ಪ್ರತಿ ದಿನವೂ ಪ್ರತಿರೋಧಕ್ಕೆ ನೀರೆರೆಯುತ್ತದೆ.

ಚೀಟಿ ಮತ್ತು ಪಟ್ಟಿ

ರೆಫರಲ್ ಚೀಟಿಯಲ್ಲಿ ಇರಲೇಬೇಕಾದ ನಾಲ್ಕು ಸಂಗತಿಗಳಿಗೆ ಖರ್ಚೇನೂ ಇಲ್ಲ. ಕೊಟ್ಟ ಪ್ರತಿ ಆ್ಯಂಟಿಬಯೋಟಿಕ್‌ನ ಹೆಸರು, ಡೋಸ್, ಶುರುವಾದ ದಿನ, ನಿಲ್ಲಿಸಿದ ದಿನ. ಕಳಿಸಿದ ಕಲ್ಚರ್‌ಗಳು, ಕಳಿಸಿದ ತಾರೀಖು, ಲ್ಯಾಬ್‌ನ ಫೋನ್ ನಂಬರು. ಪ್ರತಿ ನಳಿಕೆ ಹಾಕಿದ ದಿನ. ಹಿಂದೆ ಎಂದಾದರೂ ಕಾರ್ಬಪೆನೆಮ್‌ಗೆ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿತ್ತೇ ಎಂಬುದು. ರೋಗಿಯ ಮನೆಯವರು ಆಂಬ್ಯುಲೆನ್ಸ್ ಹತ್ತುವ ಮೊದಲು ಇಷ್ಟನ್ನು ಕೇಳಿ ಪಡೆದರೆ, ಕಲ್ಚರ್ ವರದಿಯ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಂಡರೆ, ಮುಂದಿನ ಆಸ್ಪತ್ರೆಯಲ್ಲಿ ಎರಡು ದಿನ ಉಳಿಯುತ್ತದೆ. ‘ಪವರ್ ಇರುವ ಇಂಜೆಕ್ಷನ್ ಕೊಡಿ’ ಎನ್ನುವುದಕ್ಕಿಂತ ‘ಕಲ್ಚರ್ ಕಳಿಸಿದ್ದೀರಾ, ವರದಿ ಯಾವಾಗ’ ಎಂದು ಕೇಳುವುದು ಸಾವಿರ ಪಾಲು ಮೇಲು. ತೆಗೆದುಕೊಳ್ಳುವ ಆಸ್ಪತ್ರೆಯೂ ಬೇರೆ ಐಸಿಯುನಿಂದ ಬಂದವರಿಗೆ ಮೊದಲ ದಿನವೇ ಗುದದ್ವಾರದ ಸ್ವಾಬ್ ಪರೀಕ್ಷೆ ಮಾಡಿ, ಫಲಿತಾಂಶ ಬರುವವರೆಗೆ ತುದಿಯ ಹಾಸಿಗೆಯಲ್ಲಿಟ್ಟು, ಪ್ರತ್ಯೇಕ ಸ್ಟೆತಸ್ಕೋಪ್, ಬಿಪಿ ಪಟ್ಟಿ, ಗೌನು ಬಳಸಬೇಕು.

ಇನ್ನು ಪಟ್ಟಿ, ಅಂದರೆ ಆ್ಯಂಟಿಬಯೋಗ್ರಾಂ. ಒಂದು ವರ್ಷದಲ್ಲಿ ಒಂದು ಆಸ್ಪತ್ರೆಯಲ್ಲಿ ಸಿಕ್ಕ ಪ್ರತಿ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ನೂರಕ್ಕೆ ಎಷ್ಟು ಸಲ ಬಗ್ಗಿತು ಎಂಬ ಕೋಷ್ಟಕ ಇದು. ಅರ್ಧರಾತ್ರಿ ವರದಿ ಇಲ್ಲದೆ ಔಷಧ ಆರಿಸಬೇಕಾದ ವೈದ್ಯರ ಕೈಯಲ್ಲಿರಬೇಕಾದ ಕಾಗದ. ದೆಹಲಿ, ಚೆನ್ನೈಯ ಅಂಕಿ ನೋಡಿ ಕುಮಟಾದಲ್ಲಿ ಮೊದಲ ದಿನವೇ ಕೊಲಿಸ್ಟಿನ್ ಹಾಕುವುದು ಬೇಕಿಲ್ಲದಿರಬಹುದು. ಇಲ್ಲಿನ ಪಟ್ಟಿ ಇಲ್ಲದೆ ಅದನ್ನು ಹೇಳುವವರು ಯಾರು? ತಯಾರಿಸುವ ನಿಯಮ ಸರಳ. ಒಬ್ಬ ರೋಗಿಯ ಒಂದು ಬ್ಯಾಕ್ಟೀರಿಯಾವನ್ನು ವರ್ಷದಲ್ಲಿ ಮೊದಲ ಸಲ ಸಿಕ್ಕಾಗ ಮಾತ್ರ ಎಣಿಸಬೇಕು, ಇಲ್ಲವಾದರೆ ತಿಂಗಳುಗಟ್ಟಲೆ ಮಲಗಿದ ಒಬ್ಬರೇ ಹತ್ತು ಸಲ ಲೆಕ್ಕಕ್ಕೆ ಬಂದು ಪ್ರತಿರೋಧ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಪ್ರತಿ ಜಾತಿಗೆ ಕನಿಷ್ಠ 30 ಮಾದರಿ ಇರಬೇಕು, ಅದಕ್ಕಿಂತ ಕಡಿಮೆಯಾದರೆ ಶೇಕಡಾವಾರು ಲೆಕ್ಕಕ್ಕೆ ಅರ್ಥವಿಲ್ಲ. ಸಣ್ಣ ಐಸಿಯುವಿನಲ್ಲಿ ವರ್ಷಕ್ಕೆ 30 ಕ್ಲೆಬ್ಸಿಯೆಲ್ಲಾ ಸಿಗುವುದಿಲ್ಲ. ಆದರೆ ಕಾರವಾರ, ಅಂಕೋಲೆ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿಯ ಸರ್ಕಾರಿ, ಖಾಸಗಿ ಆಸ್ಪತ್ರೆಗಳು ತಮ್ಮ ವರದಿಗಳನ್ನು ಹೆಸರು ತೆಗೆದು ಒಂದೇ ಕಡೆ ಸೇರಿಸಿದರೆ ಸಿಗುತ್ತವೆ. ಸಾಲದಿದ್ದರೆ ಎರಡು ವರ್ಷದ್ದನ್ನು ಕೂಡಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಹೂನೆಟ್ ತಂತ್ರಾಂಶ ಉಚಿತ, ಸಾಮಾನ್ಯ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಐಸಿಯು ಮತ್ತು ಹೊರರೋಗಿಗಳ ಲೆಕ್ಕ ಬೇರೆ ಬೇರೆ ಇಡಬೇಕು, ಮೂತ್ರದ ಮಾದರಿಗಳನ್ನು ರಕ್ತದ ಜೊತೆ ಬೆರೆಸಬಾರದು. ಕಾರವಾರದ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಭಾಗ ಇದನ್ನು ವಹಿಸಿಕೊಂಡು ಪ್ರತಿ ಜನವರಿಯಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಜಿಲ್ಲೆಯ ಎಲ್ಲ ಐಸಿಯುಗಳಿಗೂ ಕಳಿಸುವ ಕೆಲಸಕ್ಕೆ ಹೊಸ ಕಟ್ಟಡ ಬೇಕಿಲ್ಲ, ಒಂದು ಆದೇಶ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ಜವಾಬ್ದಾರ ವ್ಯಕ್ತಿ ಸಾಕು.